ಜಯಾಪಜಯಗಳ ಚಿಂತೆ: ಕ್ರಿಕೆಟ್ ಬಾಜಿಯೂ ಶ್ರಾವಕನ ವ್ರತವೂ

ಶ್ರಾವಕಾಚಾರ ಗ್ರಂಥಗಳು ಸಪ್ತವ್ಯಸನಗಳನ್ನು ಎಣಿಸುವಾಗ ದ್ಯೂತವನ್ನು ಮೊದಲು ಹೇಳುತ್ತವೆ. ಮದ್ಯ, ಮಾಂಸ, ಬೇಟೆ, ಕಳವು ಮೊದಲಾದವು ಅನಂತರ ಬರುತ್ತವೆ. ಪ್ರಾಣಿವಧೆಯಿಲ್ಲದ, ಮೈಮರೆಸುವ ಪಾನೀಯವಿಲ್ಲದ, ಕುಳಿತಲ್ಲೇ ನಡೆಯುವ ಜೂಜಿಗೆ ಈ ಅಗ್ರಸ್ಥಾನವೇಕೆ ಎಂಬ ಪ್ರಶ್ನೆಯನ್ನು ನಮ್ಮ ಪ್ರವಚನಗಳು ಹೆಚ್ಚಾಗಿ ಎತ್ತುವುದಿಲ್ಲ. ಧರ್ಮರಾಯನ ಉದಾಹರಣೆಯನ್ನು ಹೇಳಿ ಮುಂದಿನ ವ್ಯಸನಕ್ಕೆ ಸಾಗುವುದು ರೂಢಿಯಾಗಿದೆ. ಆದರೆ ಇಂದಿನ ಗೃಹಸ್ಥರ ಮನೆಗಳಲ್ಲಿ ಪಗಡೆಯ ಹಾಸಿಲ್ಲ, ದಾಳವಿಲ್ಲ. ಅವುಗಳ ಜಾಗದಲ್ಲಿ ಮೊಬೈಲ್ ಇದೆ, ಅದರ ತೆರೆಯ ಮೇಲೆ ಕ್ರಿಕೆಟ್ ಇದೆ.

ಚಿತ್ರದುರ್ಗದ ಕಡೆಯಿಂದ ಹೊಸಪೇಟೆಗೆ ಬರುವ ಹೆದ್ದಾರಿಯಲ್ಲಿ ಮರಿಯಮ್ಮನಹಳ್ಳಿ ಸಿಗುತ್ತದೆ. ಹಂಪಿಯಲ್ಲಿ ದಂಡನಾಯಕ ಇರುಗಪ್ಪನು 1385ರಲ್ಲಿ ಕುಂಥುನಾಥ ಸ್ವಾಮಿಗೆ ಕಟ್ಟಿಸಿದ ಗಾಣಗಿತ್ತಿ ಬಸದಿಯ ದರ್ಶನಕ್ಕೆ ದಕ್ಷಿಣದಿಂದ ಹೊರಟ ಯಾತ್ರಿಕರು ಈ ಊರನ್ನು ಹಾದೇ ಹೋಗುತ್ತಾರೆ. ನಾಟಕ ಕಲಾವಿದರಿಂದ ಹೆಸರಾದ ಊರು ಇದು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾಗುವವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಏಪ್ರಿಲ್, ಮೇ ತಿಂಗಳ ಬಿಸಿಲು ಇಳಿದು ಸಂಜೆಯ ಪಂದ್ಯ ಆರಂಭವಾಗುವ ಹೊತ್ತಿಗೆ ಇಂತಹ ಊರುಗಳ ಅಂಗಡಿಮುಂಗಟ್ಟುಗಳಲ್ಲಿ, ಚಹಾದ ಹೋಟೆಲುಗಳಲ್ಲಿ, ಮನೆಯ ಜಗಲಿಗಳಲ್ಲಿ ನಡೆಯುವ ಮಾತು ಎಲ್ಲರಿಗೂ ಪರಿಚಿತವಾದುದು. ಯಾರು ಗೆಲ್ಲುತ್ತಾರೆ ಎಂಬ ಮಾತಿನ ಹಿಂದೆಯೇ ಎಷ್ಟು ಕಟ್ಟಿದ್ದೀಯೆ ಎಂಬ ಮಾತೂ ಬರುತ್ತದೆ.

ಈ ಬಾಜಿಯನ್ನು ಸಮರ್ಥಿಸುವವರು ಮುಖ್ಯವಾಗಿ ಮುಂದಿಡುವ ವಾದ ಒಂದೇ. ಇದು ಜೂಜಲ್ಲ, ಕೌಶಲ್ಯ. ಆಟಗಾರರ ಬಲಾಬಲ, ಅಂಕಣದ ಸ್ವಭಾವ, ಹಿಂದಿನ ಅಂಕಿಅಂಶ ಇವೆಲ್ಲ ಬಲ್ಲವನೇ ಗೆಲ್ಲುತ್ತಾನೆ ಎಂಬುದು ಆ ವಾದ. ಇದು ಬೀದಿಯಲ್ಲಿ ಹುಟ್ಟಿದ ಮಾತಲ್ಲ, ನ್ಯಾಯಾಲಯಗಳಿಂದ ಇಳಿದು ಬಂದುದು. ಕೌಶಲ್ಯವೇ ಪ್ರಧಾನವಾದ ಸ್ಪರ್ಧೆ ಜೂಜಲ್ಲವೆಂಬ ಭೇದವನ್ನು ಸರ್ವೋಚ್ಚ ನ್ಯಾಯಾಲಯ 1957ರ ಚಮರ್‌ಬಾಗ್‌ವಾಲಾ ಪ್ರಕರಣಗಳಲ್ಲಿ ಸ್ಪಷ್ಟಪಡಿಸಿತು. 1996ರಲ್ಲಿ ಕುದುರೆ ಪಂದ್ಯವೂ ಕೌಶಲ್ಯದ ಆಟವೆಂದಿತು. ಕ್ರಿಕೆಟ್ ಪಂದ್ಯದ ಫಲಿತಾಂಶದ ಮೇಲೆ ಬುಕ್ಕಿಯ ಬಳಿ ಕಟ್ಟುವ ಬಾಜಿ ಯಾವಾಗಲೂ ಕಳ್ಳದಾರಿಯಲ್ಲೇ ಉಳಿಯಿತು. ಆದರೆ ಕಾಲ್ಪನಿಕ ತಂಡ ಕಟ್ಟಿ ಹಣ ಹೂಡುವ ಮೊಬೈಲ್ ಸ್ಪರ್ಧೆಗಳು ಇದೇ ಭೇದದ ಆಶ್ರಯದಲ್ಲಿ ಬೆಳೆದವು. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಹಣ ತೊಡಗಿಸುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು; ಕುದುರೆ ಪಂದ್ಯಕ್ಕೆ ವಿನಾಯಿತಿ ಕೊಟ್ಟಿತು. 2022ರ ಫೆಬ್ರವರಿ 14ರಂದು ಉಚ್ಚ ನ್ಯಾಯಾಲಯ ಆ ನಿಷೇಧವನ್ನು ರದ್ದುಗೊಳಿಸಿತು. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಹೊಸ ಕಾಯಿದೆಯೊಂದನ್ನು ಅಂಗೀಕರಿಸಿತು. ಕೌಶಲ್ಯವಿರಲಿ, ಅದೃಷ್ಟವಿರಲಿ, ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟವನ್ನು ನಡೆಸುವುದೇ ಅಪರಾಧವೆಂದು ಅದು ಸಾರಿತು. ದೊಡ್ಡ ಸಂಸ್ಥೆಗಳು ತಮ್ಮ ಹಣದ ಸ್ಪರ್ಧೆಗಳನ್ನು ಆ ತಿಂಗಳೇ ನಿಲ್ಲಿಸಿದವು.

ರಾಜ್ಯಶಾಸನಕ್ಕೆ ಈ ಚರ್ಚೆ ಅವಶ್ಯಕ. ಪ್ರಜೆಯ ವೃತ್ತಿಸ್ವಾತಂತ್ರ್ಯ ಎಲ್ಲಿಯವರೆಗೆ, ಸರ್ಕಾರದ ಅಂಕುಶ ಎಲ್ಲಿಂದ ಎಂಬುದನ್ನು ಯಾರಾದರೂ ನಿರ್ಣಯಿಸಲೇಬೇಕು. ಆದರೆ ಅಣುವ್ರತ ಹಿಡಿದ, ಇಲ್ಲವೇ ಹಿಡಿಯಬೇಕೆಂದು ಬಯಸುವ ಗೃಹಸ್ಥನು ಈ ಪ್ರಶ್ನೆಯನ್ನೇ ತನ್ನದಾಗಿ ಮಾಡಿಕೊಂಡರೆ ಅದು ದಾರಿ ತಪ್ಪಿದಂತೆ. ಕೌಶಲ್ಯವೋ ಅದೃಷ್ಟವೋ ಎಂಬುದು ಆಟದ ಲಕ್ಷಣವನ್ನು ಕುರಿತ ವಿಚಾರ. ಆಡುವವನ ಪರಿಣಾಮವನ್ನು, ಅಂದರೆ ಅವನ ಮನಸ್ಸಿನ ಭಾವವನ್ನು ಕುರಿತು ಅದು ಏನನ್ನೂ ಹೇಳುವುದಿಲ್ಲ. ಶಕುನಿಗೆ ಕೌಶಲ್ಯದ ಕೊರತೆ ಇರಲಿಲ್ಲ!

ಧರ್ಮರಾಯನ ಉದಾಹರಣೆಯ ಬಗೆಗೂ ಒಂದು ಮಾತು ಹೇಳಬೇಕು. ವಸುನಂದಿ ಆಚಾರ್ಯರು ತಮ್ಮ ಶ್ರಾವಕಾಚಾರದಲ್ಲಿ ಏಳು ವ್ಯಸನಗಳಿಗೂ ಅವುಗಳಿಂದ ಕೆಟ್ಟವರನ್ನು ನಿದರ್ಶನವಾಗಿ ಕೊಡುತ್ತಾರೆ. ದ್ಯೂತಕ್ಕೆ ರಾಜ್ಯ ಕಳೆದುಕೊಂಡು ವನವಾಸ ಮಾಡಿದ ಯುಧಿಷ್ಠಿರನು ನಿದರ್ಶನ. ಬಳ್ಳಾರಿ ಸೀಮೆಯ ಬಯಲಾಟಗಳಲ್ಲಿ ದ್ರೌಪದಿಯ ವಸ್ತ್ರಾಪಹರಣವನ್ನು ಕಂಡವರಿಗೆ ಆ ಸಭೆಯ ಭೀಕರತೆಯನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಈ ಕಥೆಯಿಂದ ಶ್ರೋತೃಗಳು ಒಯ್ಯುವ ನೀತಿ ಹಲವು ಸಲ ಅರ್ಧದ್ದೇ ಆಗಿರುತ್ತದೆ. ರಾಜ್ಯವನ್ನೂ ಹೆಂಡತಿಯನ್ನೂ ಪಣಕ್ಕಿಡಬಾರದು, ಸರಿ. ನೂರು ರೂಪಾಯಿ ಇಟ್ಟರೇನು, ಐವತ್ತು ಇಟ್ಟರೇನು ಎಂಬ ಸಮಾಧಾನಕ್ಕೆ ಅಲ್ಲಿ ಎಡೆ ಉಳಿಯುತ್ತದೆ. ನಷ್ಟದ ಪ್ರಮಾಣದಿಂದ ದೋಷವನ್ನು ಅಳೆಯುವ ಈ ಬುದ್ಧಿಯೇ ನಮ್ಮ ಕಾಲದ ಬಾಜಿಗೆ ಬಾಗಿಲು ತೆರೆದುಕೊಟ್ಟಿದೆ.

ಈ ಬಾಗಿಲನ್ನು ಮುಚ್ಚಿದವರು 13ನೆಯ ಶತಮಾನದ ಪಂಡಿತ ಆಶಾಧರರು. ಅವರು ಮುನಿಗಳಲ್ಲ, ಸ್ವತಃ ಗೃಹಸ್ಥರು. ಮಾಳವದಲ್ಲಿದ್ದು ಸಾಗಾರಧರ್ಮಾಮೃತವನ್ನು ಗೃಹಸ್ಥರಿಗಾಗಿಯೇ ಬರೆದವರು. ಪಣವಿಟ್ಟು ಆಡುವುದನ್ನು ಬಿಟ್ಟವನು ಕೇವಲ ಮನೋವಿನೋದಕ್ಕಾಗಿ ಪಂತ ಕಟ್ಟಿದರೂ ಅದು ಅವನ ವ್ರತಕ್ಕೆ ದೋಷವೇ ಎಂದು ಅವರು ತೀರ್ಮಾನಿಸುತ್ತಾರೆ. ಅವರು ಕೊಡುವ ಕಾರಣ ಗಮನಾರ್ಹವಾದುದು. ಅಂತಹ ಪಂತವು ಹರ್ಷಕ್ಕೂ ಅಮರ್ಷಕ್ಕೂ, ಅಂದರೆ ಗೆದ್ದ ಉಬ್ಬಿಗೂ ಸೋತ ಸಿಟ್ಟಿಗೂ ಹುಟ್ಟುಸ್ಥಾನ. ಕಷಾಯವು ನೇರವಾಗಿ ಪಾಪಕ್ಕೆ ಒಯ್ಯುತ್ತದೆ. ಹಣ ಹೋಯಿತೇ ಬಂತೇ ಎಂಬ ವಿಚಾರ ಈ ಕಾರಣದಲ್ಲಿ ಎಲ್ಲಿಯೂ ಇಲ್ಲ.

ಇನ್ನೂ ಹಿಂದಕ್ಕೆ ಹೋದರೆ, ತತ್ತ್ವಾರ್ಥಸೂತ್ರಕ್ಕೆ ಸರ್ವಾರ್ಥಸಿದ್ಧಿ ವ್ಯಾಖ್ಯಾನವನ್ನು ರಚಿಸಿದ ಪೂಜ್ಯಪಾದ ಆಚಾರ್ಯರು ಅನರ್ಥದಂಡದ ಪ್ರಭೇದಗಳನ್ನು ವಿವರಿಸುತ್ತ ಅಪಧ್ಯಾನದ ಲಕ್ಷಣವನ್ನು ಹೇಳುತ್ತಾರೆ. ಇತರರ ಜಯ, ಪರಾಜಯ, ವಧೆ, ಬಂಧನ, ಧನಹರಣ ಇವು ಹೇಗಾದೀತು ಎಂದು ಮನಸ್ಸಿನಲ್ಲಿ ಚಿಂತಿಸುವುದೇ ಅಪಧ್ಯಾನ. ಅಮೃತಚಂದ್ರ ಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಜಯಪರಾಜಯಗಳ ಚಿಂತೆಯನ್ನು ಬೇಟೆ, ಯುದ್ಧ, ಕಳವುಗಳ ಚಿಂತೆಯೊಡನೆ ಒಂದೇ ಸಾಲಿನಲ್ಲಿ ನಿಲ್ಲಿಸುತ್ತಾರೆ. ಅಷ್ಟೇ ಅಲ್ಲ, ಸಮಂತಭದ್ರರು ಹೇಳಿದ ಐದು ಅನರ್ಥದಂಡಗಳನ್ನು ವಿವರಿಸಿದ ಮೇಲೆ ಅದೇ ಪ್ರಕರಣದಲ್ಲಿ ದ್ಯೂತವನ್ನೂ ಸೇರಿಸಿ, ಅದು ಕಪಟದ ಮನೆ, ಕಳವು ಸುಳ್ಳುಗಳ ನೆಲೆ ಎಂದು ದೂರದಿಂದಲೇ ಬಿಡಲು ಹೇಳುತ್ತಾರೆ. ಅನರ್ಥದಂಡ ಎಂಬ ಪದವನ್ನು ವ್ಯಾಪಾರಿ ಕುಟುಂಬಗಳು ವಿಶೇಷವಾಗಿ ಗಮನಿಸಬೇಕು. ಬದುಕಿನ ಪ್ರಯೋಜನಕ್ಕಾಗಿ ಅನಿವಾರ್ಯವಾಗಿ ಆಗುವ ಹಿಂಸೆ ಬೇರೆ, ಯಾವ ಪ್ರಯೋಜನವೂ ಇಲ್ಲದೆ ಮಾಡಿಕೊಳ್ಳುವ ಹಿಂಸೆ ಬೇರೆ. ಬಾಜಿ ಈ ಎರಡನೆಯ ವರ್ಗಕ್ಕೆ ಸೇರಿದುದು.

ಈ ಮಾತುಗಳನ್ನು ಒರೆಗೆ ಹಚ್ಚಲು ಲೀಗ್ ಪಂದ್ಯಾವಳಿಗಳ ಕೊನೆಯ ವಾರಕ್ಕಿಂತ ಒಳ್ಳೆಯ ನಿದರ್ಶನ ದೊರೆಯದು. ಋತುವಿನ ಆರಂಭದಲ್ಲಿ ಒಂದು ಪಂದ್ಯಕ್ಕೆ ಒಂದೇ ಫಲಿತಾಂಶ. ಕೊನೆಯಲ್ಲಿ ಹಾಗಲ್ಲ. 2024ರ ಮೇ 18ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಬೆಂಗಳೂರು, ಚೆನ್ನೈ ತಂಡಗಳ ನಡುವೆ ನಡೆದ ಪಂದ್ಯವನ್ನು ನೆನೆಯಬಹುದು. ಬೆಂಗಳೂರು 218 ರನ್ ಗಳಿಸಿತ್ತು. ಚೆನ್ನೈಗೆ ಪಂದ್ಯ ಗೆಲ್ಲಲು 219 ಬೇಕಿತ್ತು. ಆದರೆ ನೆಟ್ ರನ್‌ರೇಟ್ ಲೆಕ್ಕದಲ್ಲಿ ಮುಂದಿನ ಹಂತ ಸೇರಲು 201 ಸಾಕಿತ್ತು. ಕೊನೆಯ ಓವರಿನಲ್ಲಿ ಗೆಲುವಿಗೆ 35 ರನ್, ಅರ್ಹತೆಗೆ 17 ರನ್. ಸೋತರೂ ಗೆದ್ದಂತೆ, ಗೆದ್ದರೂ ಸೋತಂತೆ ಆಗಬಹುದಾದ ಘಳಿಗೆ ಅದು. ಚೆನ್ನೈ 191ಕ್ಕೆ ನಿಂತು, ಬೆಂಗಳೂರು 27 ರನ್‌ಗಳಿಂದ ಗೆದ್ದು ಮುಂದಿನ ಹಂತಕ್ಕೆ ಹೋಯಿತು.

ಇಂತಹ ಪಂದ್ಯವನ್ನು ಪಣವಿಲ್ಲದೆ ನೋಡಿದವನಿಗೆ ಅದು ರೋಮಾಂಚಕ. ಪಣವಿಟ್ಟವನಿಗಾದರೋ ಪ್ರತಿ ಎಸೆತವೂ ಒಂದು ಪಗಡೆಯ ಗರ. ಯಾರು ಗೆದ್ದಾರು, ಎಷ್ಟು ರನ್‌ಗಳಿಂದ, ಈ ಓವರಿನಲ್ಲಿ ಎಷ್ಟು, ಮುಂದಿನ ಎಸೆತಕ್ಕೆ ಏನು ಎಂದು ಒಂದೇ ಆಟವು ನೂರು ಬಾಜಿಗಳಾಗಿ ಒಡೆಯುತ್ತದೆ. ಇತರರ ಪರಾಜಯ ಹೇಗಾದೀತು ಎಂದು ಚಿಂತಿಸುವುದು ಅಪಧ್ಯಾನವಾದರೆ, ಬಾಜಿ ಕಟ್ಟಿದವನು ಮೂರೂವರೆ ಗಂಟೆ ಕಾಲ ಅದರ ಹೊರತು ಬೇರೇನನ್ನೂ ಮಾಡುವುದಿಲ್ಲ. ಎದುರಾಳಿ ಆಟಗಾರನ ಕಾಲು ಉಳುಕಿದರೆ ಅವನ ಮನಸ್ಸು ಹಿಗ್ಗುತ್ತದೆ.

ಆಟವನ್ನು ನೋಡುವ ಅಭಿಮಾನಿಗೂ ಹರ್ಷ ಅಮರ್ಷಗಳಿಲ್ಲವೇ ಎಂದು ಕೇಳಬಹುದು. ಇವೆ. ಆದರೆ ಅಭಿಮಾನಿಗೆ ಒಂದು ಸ್ವಾತಂತ್ರ್ಯ ಉಳಿದಿರುತ್ತದೆ. ತನ್ನ ತಂಡದ ವಿರುದ್ಧ ಹೊಡೆದ ಸೊಗಸಾದ ಹೊಡೆತಕ್ಕೂ ಅವನು ಚಪ್ಪಾಳೆ ತಟ್ಟಬಲ್ಲ. ತತ್ತ್ವಾರ್ಥಸೂತ್ರ ಹೇಳುವ ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳಲ್ಲಿ ಪ್ರಮೋದವೆಂದರೆ ಗುಣಾಧಿಕರನ್ನು ಕಂಡು ಸಂತೋಷಿಸುವುದು. ಕ್ರೀಡೆಯಿಂದ ಗೃಹಸ್ಥನಿಗೆ ಏನಾದರೂ ಲಾಭವಿದ್ದರೆ ಅದು ಈ ಪ್ರಮೋದದ ಅಭ್ಯಾಸ. ಪಣವಿಟ್ಟ ಕ್ಷಣದಲ್ಲಿ ಈ ಸ್ವಾತಂತ್ರ್ಯ ಹೋಗುತ್ತದೆ. ಅನ್ಯರ ಗುಣವು ತನ್ನ ನಷ್ಟವಾಗುವಂತೆ ಅವನು ತಾನೇ ಕರಾರು ಮಾಡಿಕೊಂಡಿರುತ್ತಾನೆ. ಬಾಜಿಯ ಮೇಲೆ ಹೊರಿಸಬೇಕಾದ ಮುಖ್ಯ ಆಪಾದನೆ ಇದೇ. ಹಣನಷ್ಟ ಇದರ ಅನಂತರದ್ದು.

ನೋಡುವವನ ಕಪಟವು ಆಡುವವನಿಗೂ ತಗಲುತ್ತದೆಂಬುದಕ್ಕೆ ಕರ್ನಾಟಕದಲ್ಲೇ ಪ್ರಕರಣವೊಂದು ನಡೆಯಿತು. 2019ರ ಆಗಸ್ಟ್ 31ರಂದು ಮೈಸೂರಿನಲ್ಲಿ ಕರ್ನಾಟಕ ಪ್ರೀಮಿಯರ್ ಲೀಗಿನ ಅಂತಿಮ ಪಂದ್ಯ ನಡೆಯಿತು. ಅದರಲ್ಲಿ ಬಳ್ಳಾರಿಯ ಹೆಸರು ಹೊತ್ತ ತಂಡ ಹುಬ್ಬಳ್ಳಿಯ ತಂಡಕ್ಕೆ ಸೋತಿತು. ನಿಧಾನವಾಗಿ ಬ್ಯಾಟ್ ಮಾಡಲು ಹಣ ಪಡೆದರೆಂಬ ಆರೋಪದ ಮೇಲೆ ಬಳ್ಳಾರಿ ತಂಡದ ಇಬ್ಬರು ಆಟಗಾರರನ್ನು ಆ ವರ್ಷದ ನವೆಂಬರಿನಲ್ಲಿ ಬೆಂಗಳೂರು ಪೊಲೀಸರು ಬಂಧಿಸಿದರು. 2022ರ ಜನವರಿಯಲ್ಲಿ ಉಚ್ಚ ನ್ಯಾಯಾಲಯ ಆ ಮೊಕದ್ದಮೆಯನ್ನು ರದ್ದುಪಡಿಸಿತು. ಆದ್ದರಿಂದ ಯಾರನ್ನೂ ತಪ್ಪಿತಸ್ಥರೆಂದು ಇಲ್ಲಿ ಕರೆಯುವಂತಿಲ್ಲ. ಆದರೆ ನ್ಯಾಯಾಲಯ ಕೊಟ್ಟ ಕಾರಣ ಮನನಯೋಗ್ಯವಾದುದು. ಪಂದ್ಯವನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಆಟಗಾರನ ಅಪ್ರಾಮಾಣಿಕತೆಯನ್ನೂ ಅಶಿಸ್ತನ್ನೂ ಮನಸ್ಸಿನ ಭ್ರಷ್ಟತೆಯನ್ನೂ ತೋರಿಸಬಹುದು. ಆದರೆ ಅದು ದಂಡಸಂಹಿತೆಯ ವಂಚನೆಯ ಅಪರಾಧವಾಗದು. ಶಿಸ್ತುಕ್ರಮ ಕ್ರಿಕೆಟ್ ಮಂಡಳಿಯ ಕೆಲಸ ಎಂಬುದು ಆ ತೀರ್ಪಿನ ಸಾರ.

ಇದೇ ಬಗೆಯ ಘಟನೆ ನೂರು ವರ್ಷಗಳ ಹಿಂದೆ ಅಮೆರಿಕದಲ್ಲಿ ನಡೆದಿತ್ತು. ಅಲ್ಲಿನ ಜನಪ್ರಿಯ ದಾಂಡುಚೆಂಡಿನ ಆಟ ಬೇಸ್‌ಬಾಲ್. 1919ರ ಋತುವಿನ ಕೊನೆಯ ಸರಣಿಯಲ್ಲಿ ಜೂಜುಕೋರರಿಂದ ಹಣ ಪಡೆದು ಬೇಕೆಂದೇ ಸೋತರೆಂಬ ಆರೋಪ ಷಿಕಾಗೋ ತಂಡದ ಎಂಟು ಆಟಗಾರರ ಮೇಲೆ ಬಂತು. 1921ರಲ್ಲಿ ನ್ಯಾಯಾಲಯ ಅವರನ್ನು ದೋಷಮುಕ್ತಗೊಳಿಸಿತು. ಆದರೂ ಆಟದ ಆಡಳಿತಾಧಿಕಾರಿ ಲ್ಯಾಂಡಿಸ್ ಆ ಎಂಟೂ ಜನರಿಗೆ ಆಜೀವ ನಿಷೇಧ ವಿಧಿಸಿದರು. 2018ರಿಂದ ಅಮೆರಿಕದ ರಾಜ್ಯಗಳು ಕ್ರೀಡಾಬಾಜಿಯನ್ನು ಕಾನೂನುಬದ್ಧಗೊಳಿಸತೊಡಗಿದವು. ಪರವಾನಗಿ ಕೊಟ್ಟರೆ ಕಪಟ ನಿಲ್ಲುತ್ತದೆಂಬ ವಾದ ನಮ್ಮಲ್ಲೂ ಉಂಟು. ಲೋಧಾ ಸಮಿತಿ 2016ರಲ್ಲಿ ಬಾಜಿಯನ್ನು ಸಕ್ರಮಗೊಳಿಸಲು ಶಿಫಾರಸು ಮಾಡಿತ್ತು. ಆದರೆ 2025ರ ನವೆಂಬರಿನಲ್ಲಿ, ಬಾಜಿಕೋರರಿಗೆ ಅನುಕೂಲವಾಗುವಂತೆ ಕೆಲವು ಎಸೆತಗಳನ್ನು ಎಸೆದರೆಂದು ಇಬ್ಬರು ಬೇಸ್‌ಬಾಲ್ ಆಟಗಾರರ ಮೇಲೆ ಅಲ್ಲಿ ಆರೋಪಪಟ್ಟಿ ಸಲ್ಲಿಕೆಯಾಯಿತು. ಆಗ ಆ ಲೀಗು ಕೈಗೊಂಡ ಪರಿಹಾರವೆಂದರೆ ಒಂದೊಂದು ಎಸೆತದ ಮೇಲಿನ ಬಾಜಿಗೆ 200 ಡಾಲರ್ ಮಿತಿ! ದೋಷವನ್ನು ಮೊತ್ತದಿಂದ ಅಳೆಯುವ ಬುದ್ಧಿ ಕಡಲಾಚೆಗೂ ಒಂದೇ.

ಎರಡೂ ದೇಶಗಳ ಅನುಭವ ತೋರಿಸುವುದು ಇಷ್ಟು. ನ್ಯಾಯಾಲಯ ಕೈಬಿಟ್ಟ ಜಾಗದಿಂದ ಶಿಸ್ತು ಆರಂಭವಾಗಬೇಕು. ಆಟಗಾರನಿಗೆ ಮಂಡಳಿಯ ಶಿಸ್ತಿದ್ದಂತೆ ಶ್ರಾವಕನಿಗೆ ವ್ರತವಿದೆ. ಕಾಯಿದೆ ರದ್ದಾದಾಗ ವ್ರತ ಸಡಿಲವಾಗಲಿಲ್ಲ, ಹೊಸ ಕಾಯಿದೆ ಬಂದಾಗ ವ್ರತದ ಕೆಲಸ ಮುಗಿಯಲೂ ಇಲ್ಲ.

ಇನ್ನು ವ್ಯಾಪಾರಿಗಳಿಗೆ ತಿಳಿಯುವ ಲೆಕ್ಕದ ಭಾಷೆಯಲ್ಲಿ ನೋಡೋಣ. ಸಮಬಲದ ಎರಡು ತಂಡಗಳ ಮೇಲೆ ಇಬ್ಬರು ತಲಾ 1,000 ರೂಪಾಯಿ ಕಟ್ಟಿದರು. ಬುಕ್ಕಿ ರೂಪಾಯಿಗೆ 90 ಪೈಸೆಯ ದರ ಕೊಟ್ಟನೆಂದು ಭಾವಿಸೋಣ. ಗೆದ್ದವನಿಗೆ 900 ಲಾಭ, ಸೋತವನಿಗೆ 1,000 ನಷ್ಟ, ನಡುವಿನ 100 ಬುಕ್ಕಿಗೆ. ಲೀಗ್ ಹಂತದ 70 ಪಂದ್ಯಗಳಲ್ಲಿ 35 ಗೆದ್ದು 35 ಸೋತವನು 31,500 ಗಳಿಸಿ 35,000 ಕಳೆದಿರುತ್ತಾನೆ. ಸರಿಸಮನಾಗಿ ಊಹಿಸಿದರೂ 3,500 ಕೈಬಿಡುತ್ತದೆ. ಅಸಲಿಗೆ ಅಸಲು ಉಳಿಯಬೇಕಾದರೂ ನೂರಕ್ಕೆ 53 ಸಲ ಗೆಲ್ಲಬೇಕು. ಇಂತಹ ಅಂಗಡಿಯನ್ನು ಯಾವ ವ್ಯಾಪಾರಿಯೂ ಬಾಡಿಗೆಗೆ ಹಿಡಿಯಲಾರ. ವ್ಯಾಪಾರದಲ್ಲಿಯೂ ಬೆಲೆಯ ಏರಿಳಿತವುಂಟು, ನಷ್ಟವುಂಟು. ಆದರೆ ಅಲ್ಲಿ ಕೊಂಡವನಿಗೆ ಸರಕು ದೊರೆಯುತ್ತದೆ, ಮಾರಿದವನಿಗೆ ಬೆಲೆ ದೊರೆಯುತ್ತದೆ, ಇಬ್ಬರೂ ತೃಪ್ತರಾಗಿ ಏಳಬಹುದು. ಬಾಜಿಯಲ್ಲಿ ಒಬ್ಬನ ಲಾಭವೆಂಬುದು ಇನ್ನೊಬ್ಬನ ನಷ್ಟವಲ್ಲದೆ ಬೇರೇನೂ ಅಲ್ಲ. ಇಸ್ಪೀಟಿನ ವೃತ್ತದಲ್ಲಿ ಸೋತವನ ಮುಖವಾದರೂ ಎದುರಿಗಿರುತ್ತಿತ್ತು. ಮೊಬೈಲಿನಲ್ಲಿ ಸೋತವನು ಪಕ್ಕದ ಮನೆಯ ಹುಡುಗನೇ ಆಗಿದ್ದರೂ ಗೆದ್ದವನಿಗೆ ತಿಳಿಯುವುದಿಲ್ಲ.

ಈ ಅಳತೆಗೋಲನ್ನು ಹಿಡಿದ ಮೇಲೆ ಅದನ್ನು ನಮ್ಮ ಸಮಾಜದ ಕಡೆಗೂ ತಿರುಗಿಸಬೇಕಾಗುತ್ತದೆ. ಓಸಿ, ಮಟ್ಕಾ ಎಂದು ಹೆಸರಾದ ಜೂಜು ಹುಟ್ಟಿದ್ದು ನ್ಯೂಯಾರ್ಕಿನ ಹತ್ತಿ ವಿನಿಮಯ ಕೇಂದ್ರದ ಆರಂಭ, ಮುಕ್ತಾಯ ದರಗಳ ಮೇಲೆ ಮುಂಬಯಿಯಲ್ಲಿ ಕಟ್ಟುತ್ತಿದ್ದ ಬಾಜಿಯಿಂದ. ಹತ್ತಿ ಅದರಲ್ಲಿ ನಿಮಿತ್ತಮಾತ್ರ. ಯಾರೂ ಹತ್ತಿಯನ್ನು ಕೊಳ್ಳುತ್ತಿರಲಿಲ್ಲ. ಇಂದು ಮಗನ ಕ್ರಿಕೆಟ್ ಬಾಜಿಯನ್ನು ಕಂಡು ಕೆರಳುವ ತಂದೆ, ತಾನು ಬೆಳಿಗ್ಗೆ ಕೊಂಡು ಸಂಜೆಗೆ ಮಾರುವ ಷೇರು ವಾಯಿದೆಗಳನ್ನು ವ್ಯಾಪಾರವೆಂದೇ ಕರೆಯುತ್ತಾನೆ. ದಾಸ್ತಾನು ಉಳ್ಳವನು ಬೆಲೆ ಕುಸಿತದಿಂದ ರಕ್ಷಣೆಗೆ ಮಾಡುವ ವಾಯಿದೆಗೆ ಪ್ರಯೋಜನವಿದೆ. ಸರಕನ್ನೂ ಬಯಸದೆ, ಕಂಪನಿಯನ್ನೂ ಅರಿಯದೆ, ದರದ ಅಂತರಕ್ಕಾಗಿ ಮಾತ್ರ ಹಣ ಹೂಡುವುದಕ್ಕೂ ಬಾಜಿಗೂ ಇರುವ ಭೇದವನ್ನು ತೋರಿಸುವ ಹೊಣೆ ಹೂಡುವವನ ಮೇಲಿದೆ. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಷೇರು ವಾಯಿದೆ ವ್ಯವಹಾರ ಮಾಡಿದ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟ ಹೊಂದಿದರೆಂದೂ, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತೆಂದೂ ಸೆಬಿ ಸಂಸ್ಥೆ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. ತಂದೆಯ ಆಚರಣೆಯಲ್ಲಿ ಈ ದ್ವಂದ್ವ ಇರುವವರೆಗೆ ಮಗನಿಗೆ ಹೇಳಿದ ಬುದ್ಧಿಮಾತು ನಿಲ್ಲದು.

ಬಸದಿಗಳ ಆಡಳಿತ ಮಂಡಳಿಗಳು ಈ ವಿಷಯದಲ್ಲಿ ಮಾಡಬಹುದಾದ ಕೆಲಸ ಸ್ಪಷ್ಟವಾಗಿದೆ. ಯುವಕರಿಗಾಗಿ ಕ್ರಿಕೆಟ್ ಪಂದ್ಯಾವಳಿ ನಡೆಸುವುದು ಸ್ವಾಗತಾರ್ಹ. ಆದರೆ ಅದಕ್ಕೆ ಬಾಜಿಯ ಹಣ ಸೋಂಕಬಾರದು, ಪ್ರೇಕ್ಷಕರ ನಡುವೆ ವಿನೋದದ ಪಂತವೂ ಸಲ್ಲದು. ದಶಲಕ್ಷಣ ಪರ್ವದಲ್ಲಿ, ಚಾತುರ್ಮಾಸದ ಪ್ರವಚನಗಳಲ್ಲಿ ಸಪ್ತವ್ಯಸನ ತ್ಯಾಗದ ನಿಯಮ ಕೊಡುವಾಗ ದ್ಯೂತವೆಂಬ ಶಬ್ದವನ್ನಷ್ಟೇ ಉಚ್ಚರಿಸದೆ, ಕ್ರಿಕೆಟ್ ಬಾಜಿ, ಹಣದ ಮೊಬೈಲ್ ಆಟ ಎಂದು ಬಿಡಿಸಿ ಹೇಳಬೇಕು. ನಿಯಮ ಹಿಡಿಯುವ ಹುಡುಗನಿಗೆ ತಾನು ಏನನ್ನು ಬಿಟ್ಟೆನೆಂಬುದು ತಿಳಿದಿರಬೇಕು.

ಕುಟುಂಬಗಳಿಗೆ ಒಂದು ವ್ಯವಹಾರದ ಮಾತು. 1872ರ ಕರಾರು ಅಧಿನಿಯಮದ 30ನೆಯ ಕಲಮಿನಂತೆ ಪಂತದ ಕರಾರು ಶೂನ್ಯ. ಬಾಜಿಯ ಬಾಕಿಗಾಗಿ ಬುಕ್ಕಿ ದಾವೆ ಹೂಡಲಾರ. ಮರ್ಯಾದೆಗೆ ಅಂಜಿ, ಮನೆಯ ಒಡವೆ ಮಾರಿ ಗುಟ್ಟಾಗಿ ಅವನಿಗೆ ಹಣ ಮುಟ್ಟಿಸುವುದು ಕಾನೂನಿನ ಬಲವಿಲ್ಲದ ಸಾಲಕ್ಕೆ ತಲೆಬಾಗಿದಂತೆ. ಸ್ನೇಹಿತರಿಂದ, ನೆಂಟರಿಂದ ತಂದ ಕೈಗಡ ಹಾಗಲ್ಲ, ಅದನ್ನು ತೀರಿಸಬೇಕು. ಇವೆರಡನ್ನೂ ಬೇರ್ಪಡಿಸಬೇಕಾದರೆ ಮೊದಲು ಮಗ ಮನೆಯವರ ಮುಂದೆ ಬಾಯಿ ಬಿಡಬೇಕು. ಬಾಯಿ ಬಿಟ್ಟರೆ ಉಳಿಗಾಲವಿಲ್ಲವೆಂಬ ಭಯವಿದ್ದ ಮನೆಯಲ್ಲಿ ಅವನು ಬಾಯಿ ಬಿಡುವುದಿಲ್ಲ. ಇನ್ನೊಂದು ಬಾಜಿಯಲ್ಲಿ ಹಿಂದಿನದನ್ನು ತುಂಬಿಸಲು ಹೊರಡುತ್ತಾನೆ. ಗುರುವಿನ ಎದುರು ದೋಷವನ್ನು ಮುಚ್ಚಿಡದೆ ಹೇಳುವ ಆಲೋಚನೆಯನ್ನೂ, ಮಾಡಿದ್ದನ್ನು ಹಿಂದಿರುಗಿ ನೋಡುವ ಪ್ರತಿಕ್ರಮಣವನ್ನೂ ನಮ್ಮ ಪರಂಪರೆ ಇಟ್ಟಿರುವುದು ಇಂತಹ ಸಂದರ್ಭಕ್ಕೇ. ಅವು ಬಸದಿಯಲ್ಲಿ ಉಳಿದು ಮನೆಯನ್ನು ಪ್ರವೇಶಿಸದಿದ್ದರೆ ಪ್ರಯೋಜನ ಕಡಿಮೆ.

ದ್ಯೂತಕ್ಕೆ ವ್ಯಸನಗಳಲ್ಲಿ ಮೊದಲ ಸ್ಥಾನವೇಕೆ ಎಂಬ ಪ್ರಶ್ನೆಗೆ ಉತ್ತರವನ್ನು ಇಲ್ಲಿಯೇ ಕಾಣಬಹುದು. ಉಳಿದ ವ್ಯಸನಗಳಿಗೆ ಹೊರಗಿನ ವಸ್ತುವೊಂದು ಬೇಕು. ಇದಕ್ಕೆ ಇನ್ನೊಬ್ಬನ ಸೋಲನ್ನು ಬಯಸುವ ಮನಸ್ಸೊಂದೇ ಸಾಕು. ಆ ಮನಸ್ಸು ಸಿದ್ಧವಾದ ಮೇಲೆ ಕಪಟ, ಸುಳ್ಳು, ಕಳವುಗಳಿಗೆ ದಾರಿ ತಾನಾಗಿ ತೆರೆದುಕೊಳ್ಳುತ್ತದೆ. ಕ್ರಿಕೆಟ್ ನಿರ್ದೋಷಿ, ಅದನ್ನು ನೋಡುವುದನ್ನು ಯಾವ ಶ್ರಾವಕಾಚಾರವೂ ಹೆಸರಿಸಿ ನಿಷೇಧಿಸಿಲ್ಲ. ಋತುವಿನ ಕೊನೆಯ ಪಂದ್ಯದ ಕೊನೆಯ ಎಸೆತವನ್ನು ಗೃಹಸ್ಥನು ಧಾರಾಳವಾಗಿ ನೋಡಲಿ. ಎರಡೂ ತಂಡಗಳ ಗುಣಕ್ಕೆ ಕೈತಟ್ಟುವಷ್ಟು ಮನಸ್ಸನ್ನು ಯಾರಿಗೂ ಒತ್ತೆ ಇಡದೆ ನೋಡಲಿ.